ಮತ ಹಾಕಿದ ಮರುದಿನದಿಂದ ನಮ್ಮ ಕೆಲಸವೇನು? ವಾರ್ಡ್ ಸಭೆ, ಮತದಾರರ ಪಟ್ಟಿ ಮತ್ತು ಉತ್ತರ ಕನ್ನಡದ ಊರುಗಳು

ಕುಮಟಾದ ನಿವೃತ್ತ ಮಾಸ್ತರರು:

ಎಲ್ಲರಿಗೂ ನಮಸ್ಕಾರ. ಲೋಕಸಭೆ, ವಿಧಾನಸಭೆ ಚುನಾವಣೆ ಬಂದಾಗ ನಮ್ಮ ಜಿಲ್ಲೆಯ ಜನ ಮತಗಟ್ಟೆಗೆ ಹೋಗುವುದರಲ್ಲಿ ಹಿಂದೆ ಬಿದ್ದವರಲ್ಲ. 2024ರ ಮೇ 7ರಂದು ಕರಾವಳಿಯ ಆ ಸೆಕೆಯಲ್ಲೂ ಬೆಳಿಗ್ಗೆಯೇ ಸಾಲು ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಅದೇ ಊರಿನಲ್ಲಿ ಗ್ರಾಮ ಪಂಚಾಯಿತಿಯ ಒಂದು ವಾರ್ಡಿನ ಮತದಾರರೆಲ್ಲ ಸೇರಬೇಕಾದ ವಾರ್ಡ್ ಸಭೆ ಕರೆದರೆ ಸದಸ್ಯರು, ಪಂಚಾಯಿತಿ ಸಿಬ್ಬಂದಿ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು, ಮನೆ ಮಂಜೂರಾಗಬೇಕಾದ ನಾಲ್ಕಾರು ಕುಟುಂಬದವರು ಇವರನ್ನು ಬಿಟ್ಟು ಬೇರೆಯವರು ಬರುವುದಿಲ್ಲ. ಪ್ರಜಾಪ್ರಭುತ್ವಕ್ಕೆ ಅಪಾಯ ಬಂದಿದೆ ಎಂದು ದಿನವೂ ಮಾತನಾಡುವ ನಾವು, ಆ ಅಪಾಯ ನಮ್ಮ ಮನೆಯಿಂದ ಅರ್ಧ ಮೈಲು ದೂರದ ಶಾಲೆಯ ಕೊಠಡಿಯಲ್ಲಿ, ಜನರಿಲ್ಲದ ಸಭೆಯ ರೂಪದಲ್ಲಿ ಕುಳಿತಿರುವುದನ್ನು ಗಮನಿಸುತ್ತಿಲ್ಲ ಎಂಬುದು ನನ್ನ ಚಿಂತೆ.

ಕಾನೂನು ನಮಗೆ ಕೊಟ್ಟಿರುವುದು ಸಣ್ಣ ಅಧಿಕಾರವೇನಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ವಾರ್ಡ್ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಲೇಬೇಕು. ವಾರ್ಡಿನ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 20 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಹಾಜರಿದ್ದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದ ಕನಿಷ್ಠ ಹಾಜರಿ, ಆಗುತ್ತದೆ. ಬಂದವರಲ್ಲಿ ಶೇಕಡಾ 30ರಷ್ಟು ಮಹಿಳೆಯರಿರಬೇಕು. ಯಾವ ಕಾಮಗಾರಿ ಮೊದಲು, ಯಾವುದು ನಂತರ ಎಂಬ ಆದ್ಯತೆಯನ್ನೂ, ವೈಯಕ್ತಿಕ ಸೌಲಭ್ಯಗಳ ಫಲಾನುಭವಿಗಳು ಯಾರು ಎಂಬುದನ್ನೂ ಈ ಸಭೆಯೇ ಸೂಚಿಸಬೇಕು. ಅಲ್ಲಿಂದ ಬಂದದ್ದು ಗ್ರಾಮ ಸಭೆಗೆ ಹೋಗುತ್ತದೆ. ಇಪ್ಪತ್ತು ಜನ ಸೇರದ ಕಾರಣಕ್ಕೆ ಈ ಅಧಿಕಾರವನ್ನು ನಾವೇ ಮೂರು ನಾಲ್ಕು ಜನರ ಕೈಗೆ ಕೊಟ್ಟು ಬಂದಿದ್ದೇವೆ.

ಈ ನೆಲಕ್ಕೆ ಸಾರ್ವಜನಿಕ ಹೊಣೆ ಹೊಸತಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿದವರು, ಅದರ ಬೆನ್ನಿಗೇ ಅಂಕೋಲಾ, ಸಿದ್ದಾಪುರ ಸೀಮೆಯಲ್ಲಿ ಕರನಿರಾಕರಣೆ ಮಾಡಿ ಗದ್ದೆ ತೋಟ ಜಪ್ತಿಯಾದರೂ ಹಿಂದೆ ಸರಿಯದವರು ನಮ್ಮ ಅಜ್ಜಂದಿರು, ಅಜ್ಜಿಯಂದಿರು. ಅವರ ಊರುಗಳಲ್ಲಿ ಈಗ ಏನು ನಡೆದಿದೆ, ಎಲ್ಲಿ ಯಾವ ಪ್ರಯತ್ನ ಫಲ ಕೊಟ್ಟಿದೆ ಎಂಬುದನ್ನು ಅನುಭವದಿಂದ ಬರೆಯಬೇಕಾಗಿ ವಿನಂತಿ. ಪಕ್ಷಗಳ ಪರ ವಿರೋಧ ಇಲ್ಲಿ ಬೇಡ.

ಶಿರಸಿ ತಾಲ್ಲೂಕಿನ ಪಂಚಾಯಿತಿ ಮಾಜಿ ಸದಸ್ಯೆ:

ಮಾಸ್ತರರೇ, ಒಂದು ಅವಧಿಗೆ ಸದಸ್ಯೆಯಾಗಿದ್ದವಳಾದ್ದರಿಂದ ನನಗೆ ಕಂಡದ್ದನ್ನು ಬರೆಯುತ್ತೇನೆ. ಜನ ಬರುವುದಿಲ್ಲ ಎನ್ನುವ ಮೊದಲು, ನಾವು ಯಾವ ಹೊತ್ತಿಗೆ ಕರೆಯುತ್ತೇವೆ ಎಂದು ಕೇಳಿಕೊಳ್ಳಬೇಕು. ಕಚೇರಿಯವರಿಗೆ ಬೆಳಿಗ್ಗೆ ಹನ್ನೊಂದು ಗಂಟೆ ಅನುಕೂಲ. ಅದೇ ಹೊತ್ತಿನಲ್ಲಿ ಕೂಲಿಗೆ ಹೋದವರು ತೋಟದಲ್ಲಿರುತ್ತಾರೆ. ಹೆಂಗಸರು ದನಕರು, ಅಡುಗೆ ಮುಗಿಸಿ ಸೊಪ್ಪಿಗೋ ಸೌದೆಗೋ ಹೋಗಿರುತ್ತಾರೆ. ಅಡಿಕೆ ಗೊನೆ ಕೊಯ್ಯುವ ತಿಂಗಳುಗಳಲ್ಲಂತೂ ಮಧ್ಯರಾತ್ರಿಯವರೆಗೂ ಅಡಿಕೆ ಸುಲಿಯುವ ಮನೆಗಳಿಂದ ಹಗಲು ಹೊತ್ತು ಸಭೆಗೆ ಬನ್ನಿ ಎನ್ನುವುದರಲ್ಲಿ ಅರ್ಥವಿಲ್ಲ. ನಮ್ಮ ವಾರ್ಡಿನಲ್ಲಿ ಸಭೆಯನ್ನು ಸಂಜೆಗೆ ಬದಲಾಯಿಸಿ, ಹಾಲಿನ ಡೈರಿಯ ಜಗುಲಿಯ ಮೇಲೆ, ಹಾಲು ಹಾಕಲು ಎಲ್ಲರೂ ಹೇಗೂ ಬರುವ ಸಮಯಕ್ಕೆ ಹೊಂದಿಸಿ ಇಟ್ಟೆವು. ಕೋರಂ ಕುರಿತು ಚಿಂತಿಸಬೇಕಾದ ಪ್ರಮೇಯ ಮತ್ತೆ ಬರಲಿಲ್ಲ.

ಎರಡನೆಯದು, ಸಭೆಗೆ ಬಂದವರು ಹೇಳಿದ ಮಾತು ನಡಾವಳಿ ಪುಸ್ತಕದಲ್ಲಿ ಉಳಿಯುತ್ತದೆಯೇ ಎಂಬುದು. ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಹಳ್ಳದ ಆಚೆ ಒಂದು ಕೇರಿ ಇದೆ. ಮಳೆಗಾಲದಲ್ಲಿ ಶಾಲೆಯ ಮಕ್ಕಳು ಅಡಿಕೆ ಮರದ ದಬ್ಬೆ ಹಾಸಿದ ಕಾಲುಸಂಕದ, ಅಂದರೆ ಕಿರುಸೇತುವೆಯ, ಮೇಲೆ ದಾಟುತ್ತಿದ್ದರು. ನೀರು ಏರಿದ ದಿನ ಶಾಲೆಯೇ ಇಲ್ಲ. ಪ್ರತಿ ಸಭೆಯಲ್ಲೂ ಆ ಕೇರಿಯವರು ಗಟ್ಟಿಯಾದ ಕಾಲುಸಂಕ ಕೇಳುತ್ತಿದ್ದರು, ಪ್ರತಿ ಬಾರಿಯೂ ಎಲ್ಲರೂ ಹೌದೆನ್ನುತ್ತಿದ್ದರು. ಆದರೆ ಕ್ರಿಯಾ ಯೋಜನೆ ಸಿದ್ಧವಾಗಿ ಬಂದಾಗ ಅದರಲ್ಲಿ ಕಾಲುಸಂಕ ಇರುತ್ತಿರಲಿಲ್ಲ. ಕೊನೆಗೆ ಆ ಕೇರಿಯ ಒಬ್ಬ ಹೆಂಗಸು, ಸಭೆ ಮುಗಿಯುವ ಮುನ್ನ ಎದ್ದು ನಿಂತು, ಬರೆದದ್ದನ್ನು ಒಮ್ಮೆ ಓದಿ ಹೇಳಿ ಎಂದರು. ಓದಿದಾಗ ಕಾಲುಸಂಕದ ವಿಷಯ "ಇತರೆ ವಿಷಯಗಳ ಬಗ್ಗೆ ಚರ್ಚಿಸಲಾಯಿತು" ಎಂಬ ಸಾಲಿನೊಳಗೆ ಅಡಗಿತ್ತು. ಆ ದಿನ ಅಲ್ಲಿಯೇ ಅದನ್ನು ಒಂದನೇ ಆದ್ಯತೆ ಎಂದು ಠರಾವಿನಲ್ಲಿ ಬರೆಸಿ, ನಂತರವೇ ಎಲ್ಲರೂ ಸಹಿ ಹಾಕಿದರು. ಅಂದಿನಿಂದ, ಖಾಲಿ ಜಾಗ ಬಿಟ್ಟ ಪುಟಕ್ಕೆ ಸಹಿ ಹಾಕುವುದಿಲ್ಲ, ಓದಿ ಹೇಳದ ನಡಾವಳಿಗೆ ಸಹಿ ಹಾಕುವುದಿಲ್ಲ ಎಂಬುದು ನಮ್ಮ ವಾರ್ಡಿನ ಪದ್ಧತಿಯಾಗಿದೆ. ಕಾಲುಸಂಕ ಮುಂದಿನ ಸಾಲಿನ ಯೋಜನೆಯಲ್ಲಿ ಬಂತು.

ಇನ್ನು ಮಹಿಳಾ ಮೀಸಲಾತಿಯ ಮಾತು. ಕರ್ನಾಟಕದ ಪಂಚಾಯಿತಿಗಳಲ್ಲಿ ಈಗ ಶೇಕಡಾ 50ರಷ್ಟು ಸ್ಥಾನ ಮಹಿಳೆಯರಿಗಿದೆ. ಆದರೂ ಸದಸ್ಯೆಯ ಬದಲು ಗಂಡನೋ ಮೈದುನನೋ ಸಭೆಯಲ್ಲಿ ಮಾತನಾಡುವ ರೂಢಿ ಇನ್ನೂ ಇದೆ. ಇದನ್ನು ತಡೆಯಬೇಕಾದವರು ಸಭೆಯಲ್ಲಿ ಕುಳಿತ ಮತದಾರರು. "ನಾವು ಆರಿಸಿದ್ದು ನಿಮ್ಮನ್ನಲ್ಲ, ತಂಗಿಯನ್ನು, ಅವರೇ ಹೇಳಲಿ" ಎಂದು ಹಿರಿಯರೊಬ್ಬರು ಸೌಮ್ಯವಾಗಿ ಹೇಳಿದರೂ ಸಾಕು, ಮುಂದಿನ ಸಭೆಯ ಹೊತ್ತಿಗೆ ವ್ಯತ್ಯಾಸ ಕಾಣುತ್ತದೆ.

ಬೆಂಗಳೂರಿನಲ್ಲಿರುವ ಅಂಕೋಲೆಯವನು:

ನಾನು ಮತದಾರರ ಪಟ್ಟಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಕಳೆದ ಕೆಲವು ವರ್ಷಗಳಿಂದ ಊರಿನ ಗೆಳೆಯರೊಂದಿಗೆ ಮಾಡುತ್ತಿರುವ ಕೆಲಸ ಅದೊಂದೇ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಮತದಾನದ ದಿನ ಗೊತ್ತಾದರೆ ಯಾರೂ ಏನೂ ಮಾಡಲು ಬರುವುದಿಲ್ಲ. ಗುರುತಿನ ಚೀಟಿ ಕೈಯಲ್ಲಿದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತವಿಲ್ಲ ಎಂಬ ಸರಳ ವಿಷಯ ಇನ್ನೂ ಅನೇಕರಿಗೆ ತಲುಪಿಲ್ಲ.

ನಾವು ಮಾಡುವುದು ಇಷ್ಟು. ಕರಡು ಪಟ್ಟಿ ಪ್ರಕಟವಾದ ಕೂಡಲೇ ನಮ್ಮ ಭಾಗದ ಪಟ್ಟಿಯನ್ನು ಮುದ್ರಿಸಿ, ಭಾನುವಾರ ಕೇರಿಕೇರಿಗೆ ಹೋಗಿ ಗಟ್ಟಿಯಾಗಿ ಓದುತ್ತೇವೆ. ಮನೆ ಸಂಖ್ಯೆ, ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು. ಅಂತರ್ಜಾಲದಲ್ಲಿ ಹುಡುಕಿಕೊಳ್ಳಬಹುದಲ್ಲ ಎಂದು ಪಟ್ಟಣದವರು ಕೇಳುತ್ತಾರೆ. ಆದರೆ ಓದುವಾಗ ಆಗುವ ಕೆಲಸ ಹುಡುಕುವುದರಿಂದ ಆಗುವುದಿಲ್ಲ. "ಬೊಮ್ಮು ಗೌಡ" ಎಂದು ಓದಿದರೆ ಒಂದೇ ಕೇರಿಯ ಮೂವರು ಎದ್ದು ನಿಲ್ಲುತ್ತಾರೆ, ಆಗ ಅಜ್ಜನ ಹೆಸರು ಹಿಡಿದು ಯಾರು ಯಾರೆಂದು ಗುರುತಿಸಬೇಕಾಗುತ್ತದೆ. ತೀರಿಹೋದ ಅಜ್ಜಿಯ ಹೆಸರು ಬಂದಾಗ ಮನೆಯವರೇ ತಿಳಿಸುತ್ತಾರೆ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುವುದು, ಹದಿನೆಂಟು ತುಂಬಿದ ಹುಡುಗಿಯ ಹೆಸರು ಸೇರಿಸುವ ಯೋಚನೆಯೇ ಮನೆಯಲ್ಲಿ ಬಾರದಿರುವುದು, ಇವೆಲ್ಲ ಓದಿದಾಗಲೇ ಹೊರಬರುತ್ತವೆ. ಬಿಟ್ಟುಹೋದ ಹೆಸರುಗಳಲ್ಲಿ ಹೆಂಗಸರದೇ ಹೆಚ್ಚು ಎಂಬುದು ನಮ್ಮ ಕೇರಿಗಳ ಅನುಭವ.

ತಿಳಿಯದವರಿಗಾಗಿ: ಹೊಸ ಹೆಸರಿಗೆ ನಮೂನೆ 6, ಹೆಸರು ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7, ತಿದ್ದುಪಡಿ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು; 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ತಾರೀಕುಗಳು ನಾಲ್ಕೂ ಅರ್ಹತಾ ದಿನಾಂಕಗಳಾಗಿವೆ, ಹದಿನೇಳು ತುಂಬಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಪಂಚಾಯಿತಿ ಚುನಾವಣೆಯ ಪಟ್ಟಿಯನ್ನೂ ವಿಧಾನಸಭಾ ಪಟ್ಟಿಯ ಆಧಾರದ ಮೇಲೆಯೇ ಮಾಡುವುದರಿಂದ ಇಲ್ಲಿ ತಪ್ಪಿದ ಹೆಸರು ಅಲ್ಲಿಯೂ ತಪ್ಪುತ್ತದೆ. ನಮೂನೆ 7ರ ಬಗ್ಗೆ ವಿಶೇಷ ಎಚ್ಚರ ಇರಲಿ. ಬೇರೆಯವರ ಹೆಸರು ತೆಗೆಯಿರಿ ಎಂದು ಅರ್ಜಿ ಕೊಡುವವರು ತಮ್ಮ ಹೆಸರು, ವಿವರ ಕೊಡಬೇಕು, ಸುಳ್ಳು ಘೋಷಣೆ ಶಿಕ್ಷಾರ್ಹ ಅಪರಾಧ. ಮನೆಗೆ ಅಂತಹ ನೋಟಿಸು ಬಂದರೆ ಮೂಲೆಗೆ ಇಡದೆ ಉತ್ತರಿಸಬೇಕು ಎಂಬುದನ್ನು ಕೇರಿಯಲ್ಲಿ ಹೇಳಿ ಬರುವುದು ನಮ್ಮ ಓದಿನ ಭಾಗವೇ ಆಗಿದೆ.

ಮತಗಟ್ಟೆ ಹಂತದ ಅಧಿಕಾರಿಗಳಾಗಿ ಕೆಲಸ ಮಾಡುವವರು ಹೆಚ್ಚಾಗಿ ನಮ್ಮ ಶಾಲೆಯ ಅಕ್ಕೋರು, ಮಾಸ್ತರು ಅಥವಾ ಅಂಗನವಾಡಿಯವರು. ತಮ್ಮ ಕೆಲಸದ ಮೇಲೆ ಇದನ್ನೂ ಹೊತ್ತಿರುವ ಅವರ ಮೇಲೆ ಕೂಗಾಡುವ ಬದಲು ಅವರ ಜೊತೆ ಮನೆಮನೆಗೆ ನಡೆದರೆ ಪಟ್ಟಿ ತಾನಾಗಿ ಶುದ್ಧವಾಗುತ್ತದೆ. ನಾವು ಬೆಂಗಳೂರು, ಗೋವಾದಲ್ಲಿರುವವರು ಎರಡೆರಡು ಕಡೆ ಹೆಸರು ಇಟ್ಟುಕೊಳ್ಳುವುದನ್ನೂ ಬಿಡಬೇಕು. ಅದು ಕಾನೂನಿಗೆ ವಿರುದ್ಧ.

ಕಾರವಾರದ ಮೀನುಗಾರರ ಕುಟುಂಬದವಳು:

ಶಿರಸಿಯ ಅಕ್ಕ ಹೇಳಿದ ಸಮಯದ ಮಾತು ಕರಾವಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ದೋಣಿ ದಡಕ್ಕೆ ಬರುವ ಹೊತ್ತಿಗೆ ಮೀನು ಮಾರುವ ಹೆಂಗಸರು ಬುಟ್ಟಿ ತುಂಬಿಸಿಕೊಂಡು ಪೇಟೆಗೆ ಹೊರಟಿರುತ್ತಾರೆ. ನಮಗೆ ಬಿಡುವು ಸಿಗುವುದು ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ ದಿನಗಳಲ್ಲಿ. ಆಗಲೇ ಸಭೆಗಳನ್ನು ಇಟ್ಟರೆ ಮಳೆಯಿದ್ದರೂ ಜನ ಬರುತ್ತಾರೆ.

ಆದರೆ ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಸಾರ್ವಜನಿಕ ಅಹವಾಲು ಸಭೆಗಳ ಬಗ್ಗೆ. ನಮ್ಮ ಕಡಲತೀರದಲ್ಲಿ ಬಂದರು, ನೌಕಾನೆಲೆ, ವಿದ್ಯುತ್ ಸ್ಥಾವರ ಎಂದು ಒಂದಲ್ಲ ಒಂದು ದೊಡ್ಡ ಯೋಜನೆ ಯಾವಾಗಲೂ ಇರುತ್ತದೆ. ಕಾರವಾರದ ಬಂದರು ವಿಸ್ತರಣೆಯನ್ನು ವಿರೋಧಿಸಿ 2020ರ ಆರಂಭದಲ್ಲಿ ಮೀನುಗಾರರು ಬೀದಿಗಿಳಿದದ್ದು, ಹೊನ್ನಾವರದ ಕಾಸರಕೋಡಿನಲ್ಲಿ ಬಂದರಿನ ವಿರುದ್ಧ ವರ್ಷಗಳಿಂದ ನಡೆದಿರುವ ಹೋರಾಟ ಎಲ್ಲರಿಗೂ ಗೊತ್ತು. ಬೀದಿಗಿಳಿಯುವುದು ನಮ್ಮ ಹಕ್ಕು, ಅದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕಿಂತ ಮೊದಲೇ ನಮಗೆ ಮಾತನಾಡಲು ಕಾನೂನು ಇಟ್ಟಿರುವ ಒಂದು ದಿನ ಇರುತ್ತದೆ, ಆ ದಿನಕ್ಕೆ ನಾವು ಸಿದ್ಧರಾಗಿ ಹೋಗುವುದು ಕಡಿಮೆ.

2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಇಂತಹ ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಅವುಗಳಲ್ಲಿ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ಯೋಜನೆಯ ಕರಡು ವರದಿಯೂ ಕನ್ನಡದ ಸಾರಾಂಶವೂ ಜಿಲ್ಲಾಧಿಕಾರಿ ಕಚೇರಿ, ಸ್ಥಳೀಯ ಸಂಸ್ಥೆಗಳಲ್ಲಿ ಜನರಿಗೆ ನೋಡಲು ಸಿಗಬೇಕು. ಸಭೆಗೆ ಕೋರಂ ಎಂಬುದಿಲ್ಲ, ಅಂದರೆ ನಾವು ಬಹಿಷ್ಕರಿಸಿ ಹೊರಗೆ ನಿಂತರೂ ಸಭೆ ನಡೆದಂತೆಯೇ ಲೆಕ್ಕ. ಕೊನೆಯಲ್ಲಿ ಅಂದಿನ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಿಯೇ ಸಹಿಯಾಗಬೇಕು. ನಮ್ಮವರು ಮಾತು ಮುಗಿದ ಕೂಡಲೇ ಎದ್ದು ಹೊರಡುತ್ತಾರೆ. ಶಿರಸಿಯ ಆ ಹೆಂಗಸು ಕೇಳಿದಂತೆ ನಾವೂ ಕೊನೆಯವರೆಗೆ ಕುಳಿತು, ನಾವು ಹೇಳಿದ್ದು ನಾವು ಹೇಳಿದಂತೆಯೇ ಬರೆಯಲ್ಪಟ್ಟಿದೆಯೇ ಎಂದು ಕೇಳಬೇಕು. ಸಭೆಯಲ್ಲಿ ಮೈಕ್ ಹಿಡಿಯಲು ಅಂಜುವವರು ಲಿಖಿತ ಅಭಿಪ್ರಾಯವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳಿಸಬಹುದು. ನಮ್ಮ ಮನೆಯಲ್ಲಿ ಅತ್ತೆ ಕೊಂಕಣಿಯಲ್ಲಿ ಹೇಳುತ್ತಾ ಹೋದರು: ಯಾವ ತಿಂಗಳಲ್ಲಿ ರಂಪಣಿ ಬಲೆ ಎಲ್ಲಿ ಬಿಡುತ್ತಿದ್ದರು, ಮೀನು ಒಣಗಿಸುವ ಜಾಗ ಎಲ್ಲಿಂದ ಎಲ್ಲಿಯವರೆಗೆ ಇತ್ತು ಎಂಬುದನ್ನೆಲ್ಲ. ನಾನು ಅದನ್ನು ಕನ್ನಡದಲ್ಲಿ ಬರೆದು ಅವರ ಸಹಿ ಹಾಕಿಸಿದೆ. ಯಾವ ತಜ್ಞರ ವರದಿಯಲ್ಲೂ ಆ ವಿವರ ಇರಲಿಲ್ಲ.

ಸಿದ್ದಾಪುರದ ಕೃಷಿಕ:

ಮೇಲಿನ ಬರಹಗಳನ್ನೆಲ್ಲ ಗೌರವದಿಂದ ಓದಿದ್ದೇನೆ. ಒಂದು ವಿಷಯದಲ್ಲಿ ಬೇರೆ ಅಭಿಪ್ರಾಯವನ್ನು ಮುಂದಿಡಬೇಕೆನಿಸಿದೆ. ಪಂಚಾಯಿತಿಯಲ್ಲಿ ಅವಿರೋಧ ಆಯ್ಕೆಯಾದರೆ ಪ್ರಜಾಪ್ರಭುತ್ವಕ್ಕೆ ಕುಂದು ಎಂದು ಈಗೀಗ ಎಲ್ಲ ಕಡೆ ಹೇಳುತ್ತಾರೆ. ನಮ್ಮಂತಹ ಊರುಗಳಲ್ಲಿ ವಾರ್ಡಿನ ಮನೆಗಳೆಂದರೆ ಬೆರಳೆಣಿಕೆ, ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ನೆಂಟರು. ಒಂದು ಸ್ಥಾನಕ್ಕೆ ಇಬ್ಬರು ನಿಂತು, ಹತ್ತು ಮತಗಳಲ್ಲಿ ಒಬ್ಬರು ಸೋತರೆ, ಆ ಹತ್ತು ಮನೆ ಯಾವುವು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಆಮೇಲೆ ತೋಟದ ದಾರಿ, ನೀರಿನ ಪಾಳಿ, ಮದುವೆ, ತಿಥಿ ಎಲ್ಲದಕ್ಕೂ ಅದು ಅಡ್ಡ ಬರುತ್ತದೆ. ಊರವರು ಕೂತು ಯೋಗ್ಯರೊಬ್ಬರನ್ನು ಒಪ್ಪಿದರೆ ತಪ್ಪೇನು? ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷಗಳ ಚಿಹ್ನೆಯ ಮೇಲೆ ನಡೆಯಬಾರದೆಂದು ಕಾನೂನೇ ಹೇಳುವುದು ಊರು ಒಡೆಯಬಾರದೆಂದೇ ಅಲ್ಲವೇ?

ಶಿರಸಿ ತಾಲ್ಲೂಕಿನ ಪಂಚಾಯಿತಿ ಮಾಜಿ ಸದಸ್ಯೆ:

ಅಣ್ಣ, ನಿಮ್ಮ ಮಾತಿನಲ್ಲಿರುವ ನೋವು ನನಗೆ ಗೊತ್ತು. ಚುನಾವಣೆಯ ನಂತರ ಮಾತು ಬಿಟ್ಟ ಮನೆಗಳನ್ನು ನಾನೂ ಕಂಡಿದ್ದೇನೆ. ಆದರೆ ಒಂದು ಪ್ರಶ್ನೆ. ಊರವರು ಕೂತು ಒಪ್ಪಿದರು ಎನ್ನುವಾಗ, ಆ ಜಗುಲಿಯಲ್ಲಿ ಯಾರೆಲ್ಲ ಕೂತಿದ್ದರು? ನಮ್ಮ ಕಡೆ ಇಂತಹ ಮಾತುಕತೆಗಳಲ್ಲಿ ಹೆಂಗಸರು ಒಳಗೆ ಚಹಾ ಮಾಡುತ್ತಿರುತ್ತಾರೆ, ಕೂಲಿಯವರು ಅಂಗಳದ ತುದಿಯಲ್ಲಿ ನಿಂತಿರುತ್ತಾರೆ, ಹಳ್ಳದಾಚೆಯ ಕೇರಿಗೆ ಸುದ್ದಿಯೇ ಇರುವುದಿಲ್ಲ. ಗುಟ್ಟಾಗಿ ಹಾಕುವ ಮತದಲ್ಲಿ ಮಾತ್ರ ಒಡೆಯರಿಗೂ ಆಳಿಗೂ ಒಂದೇ ತೂಕ. ದೇವಸ್ಥಾನಕ್ಕೆ ಇಷ್ಟು ಹಣ ಕೊಡುತ್ತೇನೆ ಎಂದು ಸ್ಥಾನ ಪಡೆಯುವ ಹರಾಜಿನ ಸುದ್ದಿಗಳು 2020ರ ಪಂಚಾಯಿತಿ ಚುನಾವಣೆಯ ಸಮಯದಲ್ಲಿ ರಾಜ್ಯದ ಬೇರೆ ಬೇರೆ ಕಡೆಗಳಿಂದ ಬಂದದ್ದನ್ನು, ಅದು ಅಪರಾಧವೆಂದು ರಾಜ್ಯ ಚುನಾವಣಾ ಆಯೋಗ ಎಚ್ಚರಿಸಿದ್ದನ್ನು ನೀವೂ ಓದಿರುತ್ತೀರಿ. ನಮ್ಮ ಊರಿನ ಒಮ್ಮತ ಹಾಗಿರಲಿಕ್ಕಿಲ್ಲ. ಆದರೂ ಬಾಗಿಲು ಮುಚ್ಚಿದ ಒಮ್ಮತಕ್ಕೂ ಹರಾಜಿಗೂ ನಡುವಿನ ದೂರ ಬಹಳ ಕಡಿಮೆ.

ಸಿದ್ದಾಪುರದ ಕೃಷಿಕ:

ತಂಗಿ, ಹಳ್ಳದಾಚೆಯ ಕೇರಿಯ ಮಾತನ್ನು ಒಪ್ಪಲೇಬೇಕಾಗುತ್ತದೆ. ಹಾಗಾದರೆ ನನ್ನ ಸಲಹೆ ಹೀಗಿದೆ: ನಿಲ್ಲಲು ಇಚ್ಛಿಸುವವರೆಲ್ಲ ಊರಿನ ಶಾಲೆಯಲ್ಲಿ ಎಲ್ಲರ ಎದುರು, ಹೆಂಗಸರೂ ಕೂಲಿಯವರೂ ಇರುವಾಗ, ತಾವು ಏನು ಮಾಡುತ್ತೇವೆಂದು ಹೇಳಲಿ, ಪ್ರಶ್ನೆಗೆ ಉತ್ತರಿಸಲಿ. ಅದಾದ ಮೇಲೆ ಯಾರಾದರೂ ಸ್ವಂತ ಇಚ್ಛೆಯಿಂದ ಹಿಂದೆ ಸರಿದರೆ ಸರಿಯಲಿ, ಇಲ್ಲವಾದರೆ ಮತದಾನವೇ ಆಗಲಿ. ನಮ್ಮಲ್ಲಿ ತಾಳಮದ್ದಲೆಯಲ್ಲಿ ಬೆಳಗಿನ ಜಾವದವರೆಗೆ ಎದುರಾಳಿಯ ವಾದ ಕೇಳುವ ಜನ ಇದ್ದಾರೆ. ಪಂಚಾಯಿತಿಯ ವಾದವನ್ನು ಎರಡು ಗಂಟೆ ಕೇಳಲಾರರೇ?

ಯಲ್ಲಾಪುರದಲ್ಲಿ ಸಿದ್ದಿ ಹಾಡಿಗಳ ನಡುವೆ ಕೆಲಸ ಮಾಡುವವರು:

ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಭಾಗದ ಪರಿಸ್ಥಿತಿ ಕರಾವಳಿ ಮತ್ತು ತೋಟದ ಊರುಗಳಿಗಿಂತ ಬೇರೆಯಾದ್ದರಿಂದ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ. ಸಿದ್ದಿ ಸಮುದಾಯಕ್ಕೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕದ್ದು 2003ರಲ್ಲಿ. ಆ ಸಮುದಾಯದಿಂದ ಮೊದಲ ಬಾರಿಗೆ ಒಬ್ಬರು, ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ಶತಮಾನಗಳಿಂದ ಈ ಕಾಡಿನಲ್ಲಿರುವ ಜನರ ದನಿ ಶಾಸನಸಭೆಗೆ ತಲುಪಲು ಅಷ್ಟು ಕಾಲ ಬೇಕಾಯಿತು ಎಂಬುದನ್ನು ನೆನಪಿಟ್ಟು ಮುಂದಿನದನ್ನು ಓದಬೇಕು.

ಇಲ್ಲಿ ಗ್ರಾಮ ಸಭೆಯ ಪ್ರಶ್ನೆ ಕಾಲುಸಂಕ, ರಸ್ತೆಗಷ್ಟೇ ಸೀಮಿತವಲ್ಲ. ಕಾಲ ಕೆಳಗಿನ ನೆಲದ ಪ್ರಶ್ನೆಯೇ ಅದರಲ್ಲಿದೆ. 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಹಕ್ಕಿನ ಅರ್ಜಿಯನ್ನು ಮೊದಲು ಸ್ವೀಕರಿಸಿ ಪರಿಶೀಲಿಸುವುದು ಗ್ರಾಮ ಸಭೆಯೇ, ಅದು ಆರಿಸಿದ ಅರಣ್ಯ ಹಕ್ಕು ಸಮಿತಿಯ ಮೂಲಕ. ಈ ಸಭೆಗೆ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಜಿಗಳು ದೊಡ್ಡ ಸಂಖ್ಯೆಯಲ್ಲಿ ತಿರಸ್ಕೃತವಾಗಿವೆ. ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಕೊಡಬೇಕಿರುವುದು ಒಂದು ಕಾರಣ. ಆದರೆ ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇತ್ತು: ಅನೇಕ ಕಡೆ ಸಭೆಯೇ ಸರಿಯಾಗಿ ನಡೆಯದೆ, ಸ್ಥಳ ಪರಿಶೀಲನೆಯ ನಡಾವಳಿಯೇ ಇಲ್ಲದೆ ಅರ್ಜಿಗಳು ಮೇಲೆ ಹೋದವು. ಇಂಥದೇ ದಾಖಲೆ ಬೇಕೆಂದು ಮೇಲಿನ ಸಮಿತಿಗಳು ಒತ್ತಾಯಿಸುವಂತಿಲ್ಲ ಎಂದು ನಿಯಮ ಹೇಳುತ್ತದೆ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯವೇ. ಹಳೆಯ ಬಾವಿ, ಮಸಣ, ದೇವರ ಕಟ್ಟೆ, ಅಜ್ಜ ನೆಟ್ಟ ಹಲಸಿನ ಮರ, ಇವುಗಳನ್ನು ಹಿರಿಯರು ತೋರಿಸುತ್ತಾ ಹೋದಂತೆ ಓದು ಬಲ್ಲ ಹುಡುಗ ಹುಡುಗಿಯರು ಬರೆದುಕೊಳ್ಳುವ ಕೆಲಸವನ್ನು ನಾವು ಈಗ ಮಾಡುತ್ತಿದ್ದೇವೆ. ಅರ್ಜಿ ತಿರಸ್ಕೃತವಾದರೆ 60 ದಿನಗಳೊಳಗೆ ಮೇಲಿನ ಸಮಿತಿಗೆ ಹೋಗಬಹುದು ಎಂಬುದನ್ನೂ ಮನೆಮನೆಗೆ ತಿಳಿಸುತ್ತಿದ್ದೇವೆ.

ಇನ್ನು ದೂರದ ಮಾತು. ಜೋಯಿಡಾದ ಕೆಲವು ಮಜರೆಗಳಿಂದ ಪಂಚಾಯಿತಿ ಕಚೇರಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟಂತೆ. ಗುಡ್ಡಗಾಡಿನ ಜಿಲ್ಲೆಗಳಿಗಾಗಿ ಕಡಿಮೆ ಜನಸಂಖ್ಯೆಗೂ ಪಂಚಾಯಿತಿ ಮಾಡಲು ಕಾನೂನು ಅವಕಾಶ ಕೊಟ್ಟಿದ್ದರೂ ದೂರ ಮಾತ್ರ ದೂರವೇ ಆಗಿ ಉಳಿದಿದೆ. ಸಭೆಯೇ ಮಜರೆಗೆ ಬರಬೇಕು. 2024ರ ಚುನಾವಣೆಯಲ್ಲಿ 85 ವರ್ಷ ದಾಟಿದವರು ಮತ್ತು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯವಿರುವವರು ನಮೂನೆ 12ಡಿ ಕೊಟ್ಟು ಮನೆಯಲ್ಲೇ ಮತ ಹಾಕಿದರು. ಒಂದು ಮತಕ್ಕಾಗಿ ಮತಪೆಟ್ಟಿಗೆ ಕಾಡು ದಾಟಿ ಬರಬಹುದಾದರೆ ವರ್ಷಕ್ಕೆರಡು ಸಲ ಸಭೆಯೂ ಬರಬಹುದು.

ಅಂಕೋಲೆಯ ಮಹಿಳಾ ಸ್ವಸಹಾಯ ಸಂಘದವರು:

ನಮ್ಮ ಬಡಗೇರಿಯ ಸುಕ್ರಜ್ಜಿಯ ಹೆಸರನ್ನು ಯಾರಾದರೂ ಇಲ್ಲಿ ಬರೆಯುತ್ತಾರೆಂದು ಕಾಯುತ್ತಿದ್ದೆ. ಸುಕ್ರಿ ಬೊಮ್ಮಗೌಡರನ್ನು ಹಾಡಿನ ಕೋಗಿಲೆ ಎಂದೇ ಎಲ್ಲರೂ ಸ್ಮರಿಸುತ್ತಾರೆ, 2017ರಲ್ಲಿ ಪದ್ಮಶ್ರೀ ಬಂದದ್ದೂ ಅದಕ್ಕೇ. ಆದರೆ ಅಕ್ಷರ ಕಲಿಯದ ಆ ತಾಯಿ ತಮ್ಮ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕೂಡಿಸಿಕೊಂಡು ಸಾರಾಯಿ ವಿರುದ್ಧ ನಿಂತದ್ದು ನಮಗೆ ಹಾಡಿನಷ್ಟೇ ದೊಡ್ಡದು. ಒಬ್ಬೊಬ್ಬರೇ ಹೋಗಿ ಕೇಳಿದರೆ ಗದರಿಸಿ ಕಳಿಸುವವರು, ಹತ್ತು ಜನ ಒಟ್ಟಿಗೆ ಹೋದರೆ ಕುರ್ಚಿ ಕೊಡುತ್ತಾರೆ ಎಂಬುದನ್ನು ನಾವು ಸಂಘ ಕಟ್ಟಿದ ಮೇಲೆ ಕಂಡುಕೊಂಡೆವು.

ನಮ್ಮ ಸಂಘ ಈಗ ಜಮಾಬಂದಿಗೆ ಹೋಗುತ್ತದೆ. ವರ್ಷಕ್ಕೊಮ್ಮೆ ಪಂಚಾಯಿತಿಯ ಲೆಕ್ಕಪತ್ರವನ್ನೂ ಕಾಮಗಾರಿಗಳನ್ನೂ ಜನರ ಎದುರು ಪರಿಶೀಲಿಸುವ ಈ ವ್ಯವಸ್ಥೆಯ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲ. ಯಾವುದೇ ಕಾಮಗಾರಿಯ ಅಳತೆ ಪುಸ್ತಕ ನೋಡಲು ಕೇಳಬಹುದು, ಸ್ಥಳಕ್ಕೆ ಹೋಗಿ ನೋಡಬಹುದು. ನಾವು ಟೇಪು ಹಿಡಿದುಕೊಂಡೇ ಹೋಗುತ್ತೇವೆ. ಚರಂಡಿಯ ಉದ್ದ ಪುಸ್ತಕದಲ್ಲಿ ಬರೆದಷ್ಟಿದೆಯೇ ಎಂದು ಅಳೆಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಅಳತೆ ಸರಿಯಿದ್ದರೆ ಅದನ್ನೂ ಎಲ್ಲರೆದುರು ಹೇಳುತ್ತೇವೆ, ಏಕೆಂದರೆ ಸರಿಯಾಗಿ ಕೆಲಸ ಮಾಡಿದ ಸಿಬ್ಬಂದಿಗೆ ಜನರ ಬೆಂಬಲ ಕಾಣಬೇಕು.

ಕುಮಟಾದ ನಿವೃತ್ತ ಮಾಸ್ತರರು:

ಎಲ್ಲರಿಗೂ ಕೃತಜ್ಞತೆಗಳು. ಕಾರವಾರದ ತಂಗಿ ಬರೆದದ್ದನ್ನು ಓದಿದಾಗ ಬೇಡ್ತಿ ಜಲವಿದ್ಯುತ್ ಯೋಜನೆಯ ಕಾಲ ನೆನಪಾಯಿತು. 1980ರ ದಶಕದ ಆರಂಭದಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನೂ ರೈತರನ್ನೂ ಒಂದೇ ವೇದಿಕೆಗೆ ಕರೆದು, ಯೋಜನೆಯ ಲಾಭನಷ್ಟವನ್ನು ಅಂಕಿ ಅಂಶಗಳೊಂದಿಗೆ ಚರ್ಚಿಸಿತು. ಯೋಜನೆ ಕೈಬಿಟ್ಟುಹೋಯಿತು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ನಿಂತ ಜನರ ಹಿಂದೆಯೂ ಊರಿನ ಮಾತುಕತೆ ಇತ್ತು. ಭಾವನೆಯ ಜೊತೆಗೆ ಲೆಕ್ಕವನ್ನೂ ಕಲಿತ ಜಿಲ್ಲೆ ನಮ್ಮದು.

ಇಲ್ಲಿ ಯಾರೂ ಎತ್ತದ ಒಂದು ವಿಷಯವಿದೆ. ನಮ್ಮ ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆ ನಂತರ ರಾಜ್ಯದಾದ್ಯಂತ ವರ್ಷಗಟ್ಟಲೆ ಅವಕ್ಕೆ ಚುನಾವಣೆಯೇ ನಡೆಯದೆ ಅಧಿಕಾರಿಗಳೇ ಆಡಳಿತ ನಡೆಸಿದರು. ಐದು ವರ್ಷ ಮುಗಿಯುವ ಮುನ್ನವೇ ಚುನಾವಣೆ ಆಗಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. 1987ರಲ್ಲಿ, ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರುವುದಕ್ಕೂ ಮೊದಲೇ, ಆಗಿನ ಪಂಚಾಯತ್ ರಾಜ್ ಸಚಿವ ನಜೀರ್ ಸಾಬರ ಪ್ರಯತ್ನದಿಂದ ಜಿಲ್ಲಾ ಪರಿಷತ್ತಿಗೆ ಜನಪ್ರತಿನಿಧಿಗಳನ್ನು ಆರಿಸಿ ಇಡೀ ದೇಶಕ್ಕೆ ಮಾದರಿಯಾದ ರಾಜ್ಯದಲ್ಲಿ ಇದು ಆಗಿದೆ. ಇದಕ್ಕೆ ಬೀದಿಯಲ್ಲಿ ಎಷ್ಟು ಜನ ಮಾತನಾಡಿದರು? ಪಕ್ಷಗಳೆಲ್ಲ ಇದರಲ್ಲಿ ಒಂದೇ. ಆದ್ದರಿಂದ ಜನರೇ ಕೇಳಬೇಕು, ಪ್ರತಿ ಗ್ರಾಮ ಸಭೆಯೂ ಈ ಬಗ್ಗೆ ಒಂದು ಠರಾವು ಮಾಡಿ ರಾಜ್ಯ ಚುನಾವಣಾ ಆಯೋಗಕ್ಕೂ ಸರ್ಕಾರಕ್ಕೂ ಕಳಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಕಾರವಾರದ ಮೀನುಗಾರರ ಕುಟುಂಬದವಳು:

ಮಾಸ್ತರರೇ, ನಮ್ಮ ಪಕ್ಕದ ಗ್ರಾಮ ಪಂಚಾಯಿತಿಯ ಒಂದು ವಾರ್ಡಿನಲ್ಲಿ ಬಹಳ ಕಾಲದಿಂದ ಸಭೆಯೇ ಆಗಿಲ್ಲ. ಕೇಳಿದರೆ ಮುಂದಿನ ತಿಂಗಳು ಎನ್ನುತ್ತಾರೆ. ನಾವಾಗಿಯೇ ಸಭೆ ಕರೆಸಲು ದಾರಿ ಇದೆಯೇ? ಅದಕ್ಕೆ ಯಾವುದಾದರೂ ನಮೂನೆ ತುಂಬಬೇಕೇ?

ಕುಮಟಾದ ನಿವೃತ್ತ ಮಾಸ್ತರರು:

ದಾರಿ ಇದೆ ತಂಗಿ. ವಾರ್ಡಿನ ಮತದಾರರಲ್ಲಿ ಶೇಕಡಾ 10ರಷ್ಟು ಜನ, ಚರ್ಚಿಸಬೇಕಾದ ವಿಷಯಗಳನ್ನು ನಮೂದಿಸಿ ಲಿಖಿತವಾಗಿ ಕೇಳಿದರೆ ವಿಶೇಷ ಸಭೆ ಕರೆಯಬೇಕಾಗುತ್ತದೆ. ಬಿಳಿ ಹಾಳೆ ಸಾಕು. ಪ್ರತಿಯೊಬ್ಬರ ಹೆಸರಿನ ಎದುರು ಮತದಾರರ ಪಟ್ಟಿಯ ಕ್ರಮಸಂಖ್ಯೆ ಬರೆಯಿರಿ, ಆಗ ಇವರು ನಮ್ಮ ವಾರ್ಡಿನವರಲ್ಲ ಎಂಬ ತಕರಾರು ಬರುವುದಿಲ್ಲ. ಅಂಕೋಲೆಯ ತಮ್ಮನ ಬಳಗ ಮುದ್ರಿಸಿದಂತೆ ನೀವೂ ಪಟ್ಟಿ ಮುದ್ರಿಸಿಕೊಂಡರೆ ಆ ಕೆಲಸ ಸುಲಭ. ವಿಷಯಗಳನ್ನು ಎರಡು ಮೂರಕ್ಕೆ ಸೀಮಿತಗೊಳಿಸಿ. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲು, ತಾರೀಕು, ಸಹಿ ಹಾಕಿಸಿಕೊಂಡೇ ಬನ್ನಿ. ಪ್ರತಿಕ್ರಿಯೆ ಬಾರದಿದ್ದರೆ, ಹಿಂದಿನ ವಾರ್ಡ್ ಸಭೆಗಳ ನಡಾವಳಿ ಮತ್ತು ಹಾಜರಿ ಪುಸ್ತಕದ ಪ್ರತಿಗಳನ್ನು ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕು. ಅರ್ಜಿಯ ಕರಡನ್ನು ಬರೆದು ಇಲ್ಲಿ ಹಾಕಿ, ಎಲ್ಲರೂ ಒಮ್ಮೆ ನೋಡೋಣ. ದಿನಾಂಕ ನಿಗದಿಯಾದರೆ ಅದನ್ನೂ ತಿಳಿಸಿ, ಕುಮಟಾದಿಂದ ನಾವು ಕೆಲವರು ಬಂದು ಹಿಂದೆ ಕುಳಿತು ಕೇಳುತ್ತೇವೆ.